ಉಪ್ಪುನೀರಿನ ಸಾಂದ್ರತೆ: ಮಿಡಿ ಹಾಳಾದ ಮೇಲೆ ತಕ್ಕಡಿ ಹಿಡಿದೆ

ಹೋದ ವರ್ಷ ಊರಿಂದ ಪುಣೆಗೆ ಬರುವಾಗ ಒಂದು ಕೆಜಿ ಮಾವಿನ ಮಿಡಿ ತಂದಿದ್ದೆ. ಕಲ್ಲುಪ್ಪಿನಲ್ಲಿ ಹಾಕಿ ಮುರುಟಿಸುವಷ್ಟು ಪುರುಸೊತ್ತಿರಲಿಲ್ಲ. ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ ಕುದಿಸಿ, ಆರಿಸಿ, ಮಿಡಿ ಮೇಲೆ ಸುರಿದುಬಿಟ್ಟೆ. 20 ಪರ್ಸೆಂಟ್ ಇದೆಯಲ್ಲ, ಸಾಕು ಅಂತ ನನ್ನ ಲೆಕ್ಕ. ಮೂರು ವಾರಕ್ಕೆ ಮೇಲೆ ಬಿಳಿ ಬೂಸ್ಟು, ಒಳಗೆ ಮಿಡಿ ಮೆತ್ತಗೆ. ಫೋನ್ ಮಾಡಿದರೆ ಅಮ್ಮ, "ಮಿಡಿ ನೀರು ಬಿಡ್ತದೆ ಮಾರಾಯಾ, ಅಷ್ಟೂ ಗೊತ್ತಿಲ್ವಾ?" ಅಂದಳು.

ಚೆಲ್ಲುವ ಮುಂಚೆ ಆ ನೀರನ್ನು ಬಟ್ಟೆಯಲ್ಲಿ ಸೋಸಿ ಸಾಂದ್ರತೆ ಅಳೆದೆ. ಆಗ ಗೊತ್ತಾಯ್ತು ಎಡವಿದ್ದು ಎಲ್ಲಿ ಅಂತ.

ಮೊದಲನೇದು ಪರ್ಸೆಂಟ್. 100 ಗ್ರಾಂ ನೀರಿಗೆ 20 ಗ್ರಾಂ ಉಪ್ಪು ಹಾಕಿದರೆ ಒಟ್ಟು 120 ಗ್ರಾಂ. ಅದರಲ್ಲಿ ಉಪ್ಪು 16.7 ಪರ್ಸೆಂಟ್ ಮಾತ್ರ. ಇನ್ನೊಂದು ತಮಾಷೆ, ಆ ದ್ರಾವಣ 120 ಎಂಎಲ್ ಆಗಲ್ಲ, ಹತ್ತಿರ ಹತ್ತಿರ 107 ಎಂಎಲ್ ಆಗುತ್ತೆ. ತೂಕ ಪೂರ್ತಿ ಕೂಡುತ್ತೆ, ಗಾತ್ರ ಅಷ್ಟು ಕೂಡಲ್ಲ. ಉಪ್ಪು ಹೆಚ್ಚಿದಂತೆ ಸಾಂದ್ರತೆ ಏರೋದು ಇದರಿಂದಲೇ.

ಅಳೆಯೋಕೆ ಬೇಕಾದ್ದು ಅಡುಗೆಮನೆ ಡಿಜಿಟಲ್ ತಕ್ಕಡಿ, ಒಂದು ಗಾಜಿನ ಬಾಟಲಿ. ಖಾಲಿ ಬಾಟಲಿ ತೂಗಿ: ನನ್ನದು 212 ಗ್ರಾಂ. ಕಂಠದ ಹತ್ತಿರ, ಅಗಲ ಕಡಿಮೆ ಇರುವಲ್ಲಿ ಗುರುತು ಹಾಕಿ, ಅಲ್ಲಿವರೆಗೆ ಬರೀ ನೀರು ತುಂಬಿ ತೂಗಿ: 462. ಅಂದರೆ ನೀರು 250 ಗ್ರಾಂ. ನೀರು ಚೆಲ್ಲಿ, ಬಾಟಲಿ ಒಣಗಿಸಿ, ಅದೇ ಗುರುತಿಗೆ ಉಪ್ಪುನೀರು: 484. ಅಂದರೆ 272 ಗ್ರಾಂ. 272 ಭಾಗಿಸು 250, ಉತ್ತರ 1.088. ಇದೇ ಸಾಪೇಕ್ಷ ಸಾಂದ್ರತೆ. ಪಿಯುಸಿ ಲ್ಯಾಬಿನ ಸಾಂದ್ರತಾ ಬಾಟಲಿಯ ಬಿರಡೆಯಲ್ಲಿ ಸಣ್ಣ ತೂತು ಇತ್ತಲ್ಲ, ಅದು ಹೆಚ್ಚಿನ ದ್ರವ ಹೊರಗೆ ಹೋಗಿ ಪ್ರತಿ ಸಲ ಅದೇ ಗಾತ್ರ ಉಳಿಯಲಿ ಅಂತ. ನಮ್ಮ ಗುರುತಿನ ಕೆಲಸವೂ ಅದೇ.

ಅಡುಗೆ ಉಪ್ಪಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಪರ್ಸೆಂಟ್ ಅಂದರೆ 1.07, 15ಕ್ಕೆ 1.11, 20ಕ್ಕೆ 1.15. ಇನ್ನು ಕರಗಲ್ಲ ಅನ್ನುವ ಹಂತ ಸುಮಾರು 26, ಅಲ್ಲಿ 1.20. ನನ್ನ 1.088 ಅಂದರೆ ಬರೀ 12. ಮಿಡಿಯ ಹುಳಿ, ಸೊನೆ ಎಲ್ಲ ಕರಗಿ ತೂಕ ಕೂಡಿಸಿರುತ್ತೆ, ಹಾಗಾಗಿ ನಿಜವಾದ ಉಪ್ಪು ಅದಕ್ಕಿಂತಲೂ ಸ್ವಲ್ಪ ಕಮ್ಮಿಯೇ.

ಬಿಸಿ ಇರುವಾಗ ತೂಗಬೇಡಿ. 80 ಡಿಗ್ರಿಯ ನೀರು 25 ಡಿಗ್ರಿಯ ನೀರಿಗಿಂತ ಸುಮಾರು ಎರಡೂವರೆ ಪರ್ಸೆಂಟ್ ಹಗುರ. ಅಷ್ಟಕ್ಕೇ ಉಪ್ಪಿನ ಲೆಕ್ಕ ಮೂರು ಪರ್ಸೆಂಟ್ ಆಚೀಚೆ ಆಗುತ್ತೆ. ಬಾಟಲಿ ದೊಡ್ಡದಿರಲಿ. ತಕ್ಕಡಿಯಲ್ಲಿ ಒಂದು ಗ್ರಾಂ ತಪ್ಪಿದರೆ 250 ಎಂಎಲ್‌ಗೆ ಅರ್ಧ ಪರ್ಸೆಂಟ್ ಉಪ್ಪಿನ ವ್ಯತ್ಯಾಸ, 50 ಎಂಎಲ್ ಬಾಟಲಿಯಲ್ಲಾದರೆ ಎರಡೂವರೆ. ಗಾಜಿಗೆ ಅಂಟಿದ ಗುಳ್ಳೆಗಳನ್ನು ತಟ್ಟಿ ಬಿಡಿಸಿ.

ಹೈಡ್ರೋಮೀಟರ್ ಇದ್ದರೆ ಇನ್ನೂ ಸುಲಭ, ತೇಲಿಬಿಟ್ಟು ಓದೋದು ಅಷ್ಟೆ. ಅದರ ಅಂಕಿಗಳು ಕೆಳಗಿಳಿದಂತೆ ದೊಡ್ಡದಾಗುತ್ತವೆ, ಸಾಂದ್ರ ನೀರಿನಲ್ಲಿ ಅದು ಹೆಚ್ಚು ಮೇಲೆ ನಿಲ್ಲೋದರಿಂದ. ಮೊಟ್ಟೆ ತೇಲಿಸಿ ನೋಡುವವರೂ ಇದ್ದಾರೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಮೊಟ್ಟೆ ಹಳೇದಾದಂತೆ ಒಳಗೆ ಗಾಳಿ ಜಾಸ್ತಿ, ಉಪ್ಪು ಕಮ್ಮಿ ಇದ್ದರೂ ತೇಲುತ್ತೆ. ನಮ್ಮ ಮನೆಯ ಭರಣಿ ಪಕ್ಕ ಮೊಟ್ಟೆ ಇಟ್ಟರೆ ಅಮ್ಮ ಏನಂತಾಳೋ, ಅದು ಬೇರೆ ಮಾತು.

ಅಮ್ಮನ ಹತ್ತಿರ ತಕ್ಕಡಿಯೂ ಇಲ್ಲ. ದಿನಾ ಭರಣಿ ಕುಲುಕಿದ ಮೇಲೂ ತಳದಲ್ಲಿ ಒಂದಿಷ್ಟು ಕಲ್ಲುಪ್ಪು ಉಳಿದಿದೆಯಾ ನೋಡ್ತಾಳೆ. ಉಳಿದಿದ್ದರೆ ನೀರು ಇನ್ನು ಉಪ್ಪು ಹಿಡಿಯಲ್ಲ ಅಂತ, ಅಂದರೆ ನಮ್ಮ 1.20. ಈ ವರ್ಷ ನಾನೂ ಕಲ್ಲುಪ್ಪಿನಲ್ಲೇ ಹಾಕಿದೆ. ಮಿಡಿ ಮುರುಟಿ ನೀರು ಬಿಟ್ಟ ಮೇಲೆ ತೂಗಿದರೆ 1.17, ಅಂದರೆ 22ರ ಆಸುಪಾಸು. ಎರಡು ಹಿಡಿ ಉಪ್ಪು ಮತ್ತೆ ಹಾಕಿ ಭರಣಿ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೀನಿ.