ಎದೆಹಾಲಿನ ಭಂಡಾರ

ಕೃತ್ತಿಕೆಯರ ಹಾಲುಂಡು ಬೆಳೆದುದರಿಂದಲೇ ಷಣ್ಮುಖನಿಗೆ ಕಾರ್ತಿಕೇಯನೆಂಬ ಹೆಸರು. ಹೆತ್ತವಳಲ್ಲದವಳ ಹಾಲೂ ಕೂಸನ್ನು ಪೊರೆದೀತೆಂಬುದು ನಮಗೆ ಹೊಸ ಮಾತಲ್ಲ.

37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿನ ಕರುಳು ಇನ್ನೂ ಎಳೆಯದು. ಪುಡಿಹಾಲನ್ನು ಅರಗಿಸುವುದು ಅದಕ್ಕೆ ಕಷ್ಟ. ಕೆಲವೊಮ್ಮೆ ಕರುಳು ಬಾತು ಕೊಳೆಯುವ ಮಾರಕ ರೋಗವೂ ತಗಲುವುದುಂಟು. ತಾಯಿಯ ಹಾಲೇ ಇದಕ್ಕೆ ರಕ್ಷೆ. ಆದರೆ ದಿನ ತುಂಬದೆ ಹೆತ್ತವಳಿಗೆ ಮೊದಲ ದಿನಗಳಲ್ಲಿ ಸಾಕಷ್ಟು ಹಾಲು ಬಾರದಿದ್ದರೆ? ಆಗ ನೆರವಾಗುವುದೇ ಎದೆಹಾಲಿನ ಭಂಡಾರ.

1909ರಲ್ಲಿ ವಿಯೆನ್ನಾದಲ್ಲಿ ಮೊದಲಾದ ಈ ಏರ್ಪಾಡನ್ನು 1989ರಲ್ಲಿ ನಮ್ಮ ದೇಶಕ್ಕೆ ತಂದವರು ಮುಂಬಯಿಯ ಸಯನ್ ಆಸ್ಪತ್ರೆಯ ಡಾ. ಅರ್ಮಿಡಾ ಫರ್ನಾಂಡಿಸ್ ಅವರು. ತಮ್ಮ ಕೂಸಿಗೆ ಉಣಿಸಿ ಮಿಕ್ಕ ಹಾಲನ್ನು ತಾಯಂದಿರು ಹಣ ಪಡೆಯದೆ ಕೊಡುತ್ತಾರೆ. ಅವರ ರಕ್ತವನ್ನು ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಶಾಖದಿಂದ ಕೆಲವು ಗುಣಗಳು ಕುಂದುವುದರಿಂದ ಹೆತ್ತ ತಾಯಿಯ ಹಾಲಿಗೇ ಅಗ್ರಸ್ಥಾನ. ಪುಡಿಹಾಲಿನಲ್ಲಿ ಕೂಸು ಬೇಗ ತೂಕ ಪಡೆದೀತು, ನಿಜ. ಆದರೆ ದಾನದ ಹಾಲುಂಡ ಕೂಸಿಗೆ ಆ ಕರುಳುಬೇನೆಯ ಭಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹಾಲು ದಾನವಾದರೂ ಪರೀಕ್ಷೆಗೆ, ಯಂತ್ರಕ್ಕೆ ವೆಚ್ಚವುಂಟು. ಆದರೆ ಕರುಳು ಕೆಟ್ಟ ಕೂಸಿಗೆ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ. ಮನೆಯ ಒಡವೆಯೆಲ್ಲ ಅಡವಿಗೆ ಹೋದೀತು. ಲೆಕ್ಕ ಬಲ್ಲ ಗೃಹಸ್ಥರಿಗೆ ಹೆಚ್ಚು ಹೇಳಬೇಕಿಲ್ಲ.

ನಿಮ್ಮ ಮನೆಯ ಬಾಣಂತಿಗೆ ಹಾಲು ಮಿಗುವುದಾದರೆ ಚೆಲ್ಲಬೇಡಿ, ಪರೀಕ್ಷೆಯಿಲ್ಲದೆ ನೇರವಾಗಿ ಇನ್ನೊಂದು ಕೂಸಿಗೆ ಕೊಡಲೂಬೇಡಿ. ಹತ್ತಿರದಲ್ಲಿ ಇಂತಹ ಭಂಡಾರವಿದೆಯೇ ಎಂದು ವೈದ್ಯರನ್ನು ಕೇಳಿ. ನಿಮ್ಮಲ್ಲಿ ಮಿಕ್ಕುದು ಇನ್ನೊಬ್ಬಳ ಮಡಿಲನ್ನು ಉಳಿಸೀತು.