ಡೇಟಾಬೇಸ್ ರೆಪ್ಲಿಕೇಷನ್‌ನಲ್ಲಿ ಕ್ರ್ಯಾಶ್ ದೋಷದ ನಿರ್ವಹಣೆ

ಡೇಟಾಬೇಸ್ ರೆಪ್ಲಿಕೇಷನ್ ಎಂಬುದು ಒಂದು ಸರ್ವರ್‌ನಲ್ಲಿರುವ ದತ್ತಾಂಶದ ಪ್ರತಿಯನ್ನು ಬೇರೆ ಸರ್ವರ್‌ಗಳಲ್ಲಿ ನಿರಂತರವಾಗಿ ಕಾಯ್ದುಕೊಂಡು ಬರುವ ವಿಧಾನ. ಈ ಕಾರ್ಯವನ್ನು ನಡೆಸುವ ತಂತ್ರಾಂಶವು ಹಠಾತ್ತನೆ ಸ್ಥಗಿತಗೊಳ್ಳುವಂತೆ ಮಾಡುವ ದೋಷವನ್ನು ಕ್ರ್ಯಾಶ್ ದೋಷ ಎನ್ನುತ್ತಾರೆ. ತಂತ್ರಾಂಶವನ್ನು ಮರಳಿ ಚಾಲನೆಗೊಳಿಸಿದ ಮಾತ್ರಕ್ಕೆ ಈ ದೋಷದ ಪರಿಹಾರ ಪೂರ್ಣವಾಗುವುದಿಲ್ಲ. ಎಲ್ಲ ಪ್ರತಿಗಳೂ ಪರಸ್ಪರ ಹೊಂದಿಕೆಯಾಗುತ್ತವೆ ಎಂಬುದು ಖಚಿತವಾಗಬೇಕು.

ಕಾರ್ಯವಿಧಾನ

ಮುಖ್ಯ ಸರ್ವರ್ ತನ್ನಲ್ಲಾಗುವ ಪ್ರತಿಯೊಂದು ಬದಲಾವಣೆಯನ್ನೂ ಲಾಗ್ ಕಡತದಲ್ಲಿ ಅನುಕ್ರಮವಾಗಿ ದಾಖಲಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದನ್ನು ವಾಲ್ ಎಂದೂ ಮೈಎಸ್‌ಕ್ಯೂಎಲ್‌ನಲ್ಲಿ ಬೈನರಿ ಲಾಗ್ ಎಂದೂ ಕರೆಯುತ್ತಾರೆ. ಉಪ ಸರ್ವರ್ ಆ ನಮೂದುಗಳನ್ನು ಪಡೆದು, ಅದೇ ಕ್ರಮದಲ್ಲಿ ತನ್ನ ಪ್ರತಿಗೆ ಅನ್ವಯಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಸ್ಟ್ರೀಮಿಂಗ್ ರೆಪ್ಲಿಕೇಷನ್ 2010ರಲ್ಲಿ 9.0 ಆವೃತ್ತಿಯೊಂದಿಗೂ, ಲಾಜಿಕಲ್ ರೆಪ್ಲಿಕೇಷನ್ 2017ರಲ್ಲಿ 10ನೆಯ ಆವೃತ್ತಿಯೊಂದಿಗೂ ಸೇರ್ಪಡೆಯಾದವು.

ದೋಷದ ಸ್ವರೂಪ

ಲಾಗ್‌ನ ಒಂದು ನಮೂದನ್ನು ಅನ್ವಯಿಸುವಾಗ ಉಪ ಸರ್ವರ್ ಕುಸಿದರೆ, ಮರುಚಾಲನೆಯ ನಂತರವೂ ಅದು ಅದೇ ನಮೂದಿಗೆ ಬಂದು ಮತ್ತೆ ಕುಸಿಯುತ್ತದೆ. ಎಲ್ಲ ಉಪ ಸರ್ವರ್‌ಗಳಲ್ಲಿಯೂ ಒಂದೇ ಆವೃತ್ತಿಯಿದ್ದರೆ ಎಲ್ಲವೂ ಒಂದೇ ಸ್ಥಳದಲ್ಲಿ ನಿಲ್ಲಬಹುದು. ಆಗ ಪ್ರತಿಗಳ ಸಂಖ್ಯೆ ಎಷ್ಟಿದ್ದರೂ ರಕ್ಷಣೆ ದೊರೆಯುವುದಿಲ್ಲ.

ಉಪ ಸರ್ವರ್‌ನ ಕುಸಿತವು ಮುಖ್ಯ ಸರ್ವರ್‌ಗೂ ತಗಲಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ರೆಪ್ಲಿಕೇಷನ್ ಸ್ಲಾಟ್ ಬಳಸಿದಾಗ, ಉಪ ಸರ್ವರ್ ಇನ್ನೂ ಪಡೆಯದ ಲಾಗ್ ಕಡತಗಳನ್ನು ಮುಖ್ಯ ಸರ್ವರ್ ಅಳಿಸದೆ ಉಳಿಸಿಕೊಳ್ಳುತ್ತದೆ. ಸಂಪರ್ಕ ದೀರ್ಘಕಾಲ ಕಡಿದುಹೋದರೆ ಡಿಸ್ಕ್ ತುಂಬಿ ಮುಖ್ಯ ಸರ್ವರ್ ಸಹ ನಿಲ್ಲುತ್ತದೆ. ಹೀಗೆ ಉಳಿಸುವ ಲಾಗ್‌ಗೆ ಗರಿಷ್ಠ ಮಿತಿ ವಿಧಿಸುವ ಸೌಲಭ್ಯ 2020ರ 13ನೆಯ ಆವೃತ್ತಿಯಲ್ಲಿ ಬಂದಿತು.

ನಿರ್ವಹಣೆಯ ಹಂತಗಳು

1. ಸ್ವಯಂಚಾಲಿತ ಮರುಚಾಲನೆಯನ್ನೂ, ಉಪ ಸರ್ವರ್ ತಾನಾಗಿಯೇ ಮುಖ್ಯ ಸರ್ವರ್ ಆಗುವ ವ್ಯವಸ್ಥೆಯನ್ನೂ ತಾತ್ಕಾಲಿಕವಾಗಿ ನಿಲ್ಲಿಸುವುದು. ಹಿಂದುಳಿದ ಪ್ರತಿಯು ಮುಖ್ಯ ಸ್ಥಾನಕ್ಕೆ ಬಂದರೆ ಇತ್ತೀಚಿನ ಬದಲಾವಣೆಗಳು ಕಳೆದುಹೋಗುತ್ತವೆ.
2. ಮುಖ್ಯ ಸರ್ವರ್‌ನ ಡಿಸ್ಕ್‌ನಲ್ಲಿ ಉಳಿದಿರುವ ಸ್ಥಳವನ್ನು ಪರಿಶೀಲಿಸಿ, ಹೊಸ ಬ್ಯಾಕಪ್ ತೆಗೆದುಕೊಳ್ಳುವುದು.
3. ದೋಷ ಸಂದೇಶ, ಕುಸಿತದ ಕ್ಷಣದ ಮೆಮೊರಿ ಕಡತ ಹಾಗೂ ಸಂಬಂಧಿಸಿದ ಲಾಗ್ ಕಡತಗಳನ್ನು ಬೇರೆಡೆ ಕಾಪಿಡುವುದು. ಉಪ ಸರ್ವರ್ ಅನ್ನು ತಕ್ಷಣ ಅಳಿಸಿ ಮರುನಿರ್ಮಿಸಿದರೆ ಕಾರಣವನ್ನು ಗುರುತಿಸುವ ಸಾಕ್ಷ್ಯ ನಾಶವಾಗುತ್ತದೆ.
4. ದೋಷವನ್ನು ಪರೀಕ್ಷಾ ಸರ್ವರ್‌ನಲ್ಲಿ ಪುನರಾವರ್ತಿಸಿ, ತಂತ್ರಾಂಶದ ಅಭಿವೃದ್ಧಿಕಾರರಿಗೆ ವರದಿ ಮಾಡುವುದು.
5. ಪರಿಹಾರವಿರುವ ಆವೃತ್ತಿಯನ್ನು ಅಳವಡಿಸುವುದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಕಿರು ಆವೃತ್ತಿಗಳನ್ನು ಮೊದಲು ಉಪ ಸರ್ವರ್‌ಗಳಿಗೆ ಅಳವಡಿಸಬೇಕೆಂಬ ಸಲಹೆಯಿದೆ. ಹಳೆಯ ಆವೃತ್ತಿ ಬರೆದ ಲಾಗ್ ಅನ್ನು ಹೊಸದು ಓದಬಲ್ಲ ಸಾಧ್ಯತೆ ಅದರ ವಿಪರ್ಯಯಕ್ಕಿಂತ ಹೆಚ್ಚು.
6. ಉಪ ಸರ್ವರ್ ಅನ್ನು ಹೊಸ ಪ್ರತಿಯಿಂದ ಕಟ್ಟಿ, ಮುಖ್ಯ ಸರ್ವರ್‌ನೊಂದಿಗೆ ಹೋಲಿಸಿ ನೋಡುವುದು.

ತೊಂದರೆ ಕೊಡುವ ನಮೂದನ್ನು ಬಿಟ್ಟು ಮುಂದುವರಿಯುವ ಸೌಲಭ್ಯವೂ ಹಲವು ತಂತ್ರಾಂಶಗಳಲ್ಲಿದೆ. ಇದರಿಂದ ಸೇವೆ ಬೇಗ ಆರಂಭವಾದರೂ, ಬಿಟ್ಟ ನಮೂದಿನಲ್ಲಿದ್ದ ಬದಲಾವಣೆ ಆ ಪ್ರತಿಗೆ ಸೇರುವುದಿಲ್ಲ. ವ್ಯತ್ಯಾಸ ಕಣ್ಣಿಗೆ ಬೀಳದೆ ಮುಂದುವರಿಯುತ್ತದೆ.

ಪ್ರಮುಖ ಘಟನೆಗಳು

2013ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 9.3.0, 9.2.5, 9.1.10 ಮತ್ತು 9.0.14 ಆವೃತ್ತಿಗಳಲ್ಲಿ ಕುಸಿತಕ್ಕಿಂತಲೂ ಅಪಾಯಕಾರಿಯಾದ ದೋಷವೊಂದು ಪತ್ತೆಯಾಯಿತು. ಉಪ ಸರ್ವರ್ ಆರಂಭವಾಗುವ ವೇಳೆ, ಪೂರ್ಣಗೊಂಡ ವ್ಯವಹಾರಗಳು ಪೂರ್ಣಗೊಂಡಿಲ್ಲವೆಂದು ಗುರುತಾಗುವ ಸಂಭವವಿತ್ತು. ಆಗ ಕೆಲವು ಸಾಲುಗಳು ಕಾಣೆಯಾಗುತ್ತಿದ್ದವು, ಇಲ್ಲವೇ ತಿದ್ದುಪಡಿಯಾದ ಸಾಲಿನ ಹಳೆಯ ಮತ್ತು ಹೊಸ ರೂಪಗಳೆರಡೂ ಕಾಣಿಸುತ್ತಿದ್ದವು. ಸರ್ವರ್ ಮಾತ್ರ ನಿಲ್ಲದೆ ನಡೆಯುತ್ತಿತ್ತು. ಡಿಸೆಂಬರ್‌ನಲ್ಲಿ ಪರಿಹಾರ ಬಿಡುಗಡೆಯಾದಾಗ, ದೋಷಪೂರಿತ ಆವೃತ್ತಿಗಳನ್ನು ಎಂದಾದರೂ ನಡೆಸಿದ್ದ ಉಪ ಸರ್ವರ್‌ಗಳನ್ನು ಮುಖ್ಯ ಸರ್ವರ್‌ನಿಂದ ಹೊಸದಾಗಿ ಪ್ರತಿಮಾಡಿಕೊಳ್ಳುವಂತೆ ಸೂಚಿಸಲಾಯಿತು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಹಿಂದುಳಿದ ಉಪ ಸರ್ವರ್ ಅನ್ನು ಸರಿಪಡಿಸುವಾಗ ಮುಖ್ಯ ಸರ್ವರ್‌ನ ದತ್ತಾಂಶವೇ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ಆವೃತ್ತಿಯ ಹೊಂದಿಕೆಯಿಲ್ಲದೆ ವಿಫಲವಾಗುತ್ತಿದ್ದುದೂ ಆಗಲೇ ತಿಳಿಯಿತು. ಸುಮಾರು 6 ಗಂಟೆಗಳ ದತ್ತಾಂಶ ಮರಳಿ ದೊರೆಯಲಿಲ್ಲ.

2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಜಾಲಸಂಪರ್ಕ 43 ಸೆಕೆಂಡು ಕಡಿದುಹೋಯಿತು. ಅಷ್ಟರಲ್ಲಿ ಮೈಎಸ್‌ಕ್ಯೂಎಲ್‌ನ ಮುಖ್ಯ ಸ್ಥಾನ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಸ್ಥಳಾಂತರಗೊಂಡು, ಎರಡೂ ಕಡೆ ಪರಸ್ಪರ ಇಲ್ಲದ ಬದಲಾವಣೆಗಳು ಉಳಿದವು. ಸೇವೆಯ ವೇಗಕ್ಕಿಂತ ದತ್ತಾಂಶದ ಸಮಗ್ರತೆಗೆ ಆದ್ಯತೆ ನೀಡಿದ ಕಾರಣ, ಸೇವೆ ಪೂರ್ವಸ್ಥಿತಿಗೆ ಬರಲು 24 ಗಂಟೆ 11 ನಿಮಿಷ ಹಿಡಿಯಿತು.

ಸಾರ್ವಜನಿಕ ದಾಖಲೆಗಳಲ್ಲಿ ಮಹತ್ವ

ಕರ್ನಾಟಕದ ಕಂದಾಯ ಇಲಾಖೆಯ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಗಣಕೀಕರಣಗೊಂಡವು. ಕೈಬರಹದ ಪಹಣಿಗಳ ಸ್ಥಾನವನ್ನು ಗಣಕೀಕೃತ ಪಹಣಿಗಳು ಪಡೆದವು. ಇಂಥ ದಾಖಲೆಗಳ ವಿಷಯದಲ್ಲಿ ಪ್ರತಿಗಳ ನಡುವಿನ ಭೇದ ತಾಂತ್ರಿಕ ತೊಡಕಾಗಿ ಮಾತ್ರ ಉಳಿಯುವುದಿಲ್ಲ. ಉದಾಹರಣೆಗೆ, ಚಿತ್ತಾಪುರ ಅಥವಾ ಸೇಡಂ ತಾಲ್ಲೂಕಿನ ಒಂದು ಸರ್ವೆ ನಂಬರಿನ ಹಕ್ಕು ಬದಲಾವಣೆಯು ಒಂದು ಪ್ರತಿಯಲ್ಲಿ ಸೇರಿ ಮತ್ತೊಂದರಲ್ಲಿ ಬಿಟ್ಟುಹೋದರೆ, ಅದೇ ಹೊಲಕ್ಕೆ ಇಬ್ಬರು ಒಡೆಯರು ಕಾಣಿಸುತ್ತಾರೆ. ಬೆಳೆಸಾಲಕ್ಕೆ ಬ್ಯಾಂಕು ನೋಡುವ ಪಹಣಿ ಯಾವ ಪ್ರತಿಯಿಂದ ಬಂದಿತೆಂಬುದು ರೈತನಿಗೆ ತಿಳಿಯುವಂತಿಲ್ಲ. ಕೆಲವು ಗಂಟೆ ಸೇವೆ ನಿಂತರೆ ಮರುದಿನ ಬಂದು ಪಹಣಿ ಪಡೆಯಬಹುದು. ತಪ್ಪು ಹೆಸರಿನ ಪಹಣಿಯನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.

ಮುನ್ನೆಚ್ಚರಿಕೆ

ರೆಪ್ಲಿಕೇಷನ್ ಬ್ಯಾಕಪ್‌ಗೆ ಪರ್ಯಾಯವಲ್ಲ. ಮುಖ್ಯ ಸರ್ವರ್‌ನಲ್ಲಿ ತಪ್ಪಾಗಿ ಅಳಿಸಿದ ಸಾಲು ಕ್ಷಣಮಾತ್ರದಲ್ಲಿ ಉಪ ಸರ್ವರ್‌ನಿಂದಲೂ ಅಳಿಸಿಹೋಗುತ್ತದೆ. ಆದ್ದರಿಂದ ಬ್ಯಾಕಪ್‌ಗಳನ್ನು ಪ್ರತ್ಯೇಕವಾಗಿರಿಸಿ, ಅವುಗಳಿಂದ ದತ್ತಾಂಶವನ್ನು ಮರಳಿ ಪಡೆಯುವ ಪರೀಕ್ಷೆಯನ್ನು ನಿಯತವಾಗಿ ನಡೆಸಬೇಕಾಗುತ್ತದೆ. ಉಪ ಸರ್ವರ್‌ನ ಹಿಂದುಳಿಕೆ ಹಾಗೂ ಡಿಸ್ಕ್ ಬಳಕೆಯ ಮೇಲೆ ನಿಗಾ ಇಡುವುದರಿಂದ ತೊಂದರೆಯನ್ನು ಆರಂಭದಲ್ಲಿಯೇ ಗುರುತಿಸಬಹುದು.