ಧೂಪದ ಹೆಸರಿನ ಹಣ

ಜಪಾನಿನಲ್ಲಿ ಸಾವಿನ ಮನೆಗೆ ಹೊರಟವರು ಕಡುಬಣ್ಣದ ಚೌಕ ಬಟ್ಟೆಯಲ್ಲಿ ಬಿಳಿ ಲಕೋಟೆಯೊಂದನ್ನು ಸುತ್ತಿಕೊಂಡು ಹೋಗುತ್ತಾರೆ. ಬಾಗಿಲ ಬಳಿ ಹಾಕಿದ ಮೇಜಿನ ಮುಂದೆ ನಿಂತು ಬಟ್ಟೆ ಬಿಚ್ಚುತ್ತಾರೆ. ಲಕೋಟೆಯ ಮೇಲಿನ ಹೆಸರು ಎದುರಿನವರಿಗೆ ನೇರವಾಗಿ ಕಾಣುವಂತೆ ತಿರುಗಿಸಿ, ಎರಡೂ ಕೈಯಿಂದ ಕೊಟ್ಟು ತಲೆಬಾಗುತ್ತಾರೆ. ಒಳಗಿರುವುದು ಹಣ. ಅದನ್ನು ಅವರು ಕರೆಯುವುದು ‘ಕೋಡೆನ್’ ಎಂದು. ‘ಕೋ’ ಎಂದರೆ ಧೂಪ, ‘ಡೆನ್’ ಎಂದರೆ ಸತ್ತವರ ಮುಂದೆ ಇಡುವ ಎಡೆ. ಹಣಕ್ಕೆ ಧೂಪದ ಹೆಸರು ಬಂದದ್ದರ ಹಿಂದೆ ಹಲವು ಶತಮಾನಗಳ ಕಥೆಯಿದೆ.

ಅಕ್ಕಿ ಹೊತ್ತು ಬಂದವರು

ಆರನೇ ಶತಮಾನದಲ್ಲಿ ಬೌದ್ಧ ಧರ್ಮ ಜಪಾನನ್ನು ಮುಟ್ಟಿದಾಗ ಅದರೊಂದಿಗೆ ಧೂಪವೂ ಬಂತು. ಸತ್ತವರ ಮುಂದೆ ಧೂಪ ಹಾಕುವುದು ಬಂದವರ ಮೊದಲ ಕರ್ತವ್ಯವಾಯಿತು. ಅದನ್ನು ಅವರೇ ತರುತ್ತಿದ್ದರು. ಆದರೆ ಹಳ್ಳಿಗಳಲ್ಲಿ ಧೂಪಕ್ಕಿಂತ ತುರ್ತಾಗಿ ಬೇಕಾಗಿದ್ದದ್ದು ಅಕ್ಕಿ. ಗುಂಡಿ ತೋಡುವುದು, ಶವಪೆಟ್ಟಿಗೆ ಮಾಡುವುದು, ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವುದು, ಅಡುಗೆ ಎಲ್ಲವನ್ನೂ ನೆರೆಹೊರೆಯ ಗುಂಪು ವಹಿಸಿಕೊಳ್ಳುತ್ತಿತ್ತು. ಅಷ್ಟು ಜನರಿಗೂ ಊಟ ಹಾಕುವ ಭಾರ ಮಾತ್ರ ಸಾವಾದ ಮನೆಯ ಮೇಲೆ ಬೀಳುತ್ತಿತ್ತು. ಹಾಗಾಗಿ ಬರುವವರು ಅಕ್ಕಿ, ತರಕಾರಿ, ಸಾಕೆ ಮದ್ಯ ಹೊತ್ತು ತರುತ್ತಿದ್ದರು.

ಹಣ ಕೊಡುವ ರೂಢಿ ಮುರೋಮಾಚಿ ಕಾಲದಲ್ಲಿ (1336–1573) ಸಮುರಾಯ್ ಮನೆತನಗಳಲ್ಲಿ ಕಾಣಿಸಿಕೊಂಡಿತು. ಹಳ್ಳಿಗಳಿಗೆ ಅದು ವ್ಯಾಪಕವಾಗಿ ಇಳಿದದ್ದು ಮೇಜಿ ಆಡಳಿತದ (1868–1912) ನಂತರ. ಅಕ್ಕಿಯ ಮೂಟೆ ಹೋಗಿ ಲಕೋಟೆ ಬಂದರೂ ಉದ್ದೇಶ ಬದಲಾಗಲಿಲ್ಲ: ದುಃಖದಲ್ಲಿರುವ ಮನೆ ಖರ್ಚಿನ ಅಡಿಯಲ್ಲಿ ಕುಸಿಯಬಾರದು.

ಈ ಹೊಣೆ ಎಷ್ಟು ಆಳವಾದದ್ದೆಂದರೆ ಬಹಿಷ್ಕಾರವೂ ಅದನ್ನು ತಡೆಯುತ್ತಿರಲಿಲ್ಲ. ಊರ ಕಟ್ಟಳೆ ಮುರಿದವರನ್ನು ದೂರವಿಡುವ ಶಿಕ್ಷೆಗೆ ‘ಮುರಾಹಾಚಿಬು’ ಎಂಬ ಹೆಸರಿದೆ. ಊರಿನ ಎಂಟು ಪಾಲು ಎಂದು ಅದರ ಅರ್ಥ. ಹತ್ತು ಬಗೆಯ ಕೊಡುಕೊಳೆಯಲ್ಲಿ ಎಂಟನ್ನು ಕಡಿದು, ಬೆಂಕಿ ಬಿದ್ದಾಗ ಮತ್ತು ಸಾವಾದಾಗ ನೆರವಿಗೆ ಹೋಗುವುದನ್ನು ಉಳಿಸುತ್ತಿದ್ದರು ಎಂದು ಜನ ಆ ಪದವನ್ನು ವಿವರಿಸುತ್ತಾರೆ.

ಲಕೋಟೆಯ ಮರ್ಯಾದೆ

ಕೊಡುವ ವಸ್ತು ಹಣವಾದ ಮೇಲೆ, ಅದು ಹಣದಂತೆ ಕಾಣದಿರಲು ನೂರು ಎಚ್ಚರಗಳು ಹುಟ್ಟಿಕೊಂಡವು. ಲಕೋಟೆಗೆ ಸುತ್ತುವ ಕಾಗದದ ಹುರಿ ಹೆಚ್ಚಿನ ಕಡೆ ಕಪ್ಪು–ಬಿಳಿ, ಒಸಾಕಾ–ಕ್ಯೋಟೊ ಸೀಮೆಯಲ್ಲಿ ಹಳದಿ–ಬಿಳಿ. ಅದಕ್ಕೆ ಬಿಚ್ಚಲಾಗದ ಗಂಟನ್ನೇ ಹಾಕಬೇಕು, ಇಂಥ ದಿನ ಮರಳಿ ಬಾರದಿರಲಿ ಎಂದು. ಹೆಸರನ್ನು ತೆಳು ಶಾಯಿಯಲ್ಲಿ ಬರೆಯುತ್ತಾರೆ, ಕಣ್ಣೀರು ಬಿದ್ದು ಮಸಿ ತಿಳಿಯಾಯಿತು ಎಂಬಂತೆ. ಗರಿಗರಿ ಹೊಸ ನೋಟು ಇಡುವುದು ತಪ್ಪು; ಸಾವನ್ನು ಮೊದಲೇ ಎದುರುನೋಡಿ ಬ್ಯಾಂಕಿನಿಂದ ತಂದಿಟ್ಟಂತೆ ಆಗುತ್ತದೆ. ಹೊಸ ನೋಟೇ ಇದ್ದರೆ ಒಮ್ಮೆ ಮಡಚಿ ಗೆರೆ ಮೂಡಿಸುತ್ತಾರೆ.

ಮೊತ್ತಕ್ಕೂ ಕಟ್ಟುಪಾಡಿದೆ. ಪರಿಚಯದವರು 3,000 ಅಥವಾ 5,000 ಯೆನ್ ಕೊಟ್ಟರೆ, ಹತ್ತಿರದವರು 10,000 ಅಥವಾ ಅದಕ್ಕೂ ಹೆಚ್ಚು ಕೊಡುತ್ತಾರೆ. ನಾಲ್ಕು ಮತ್ತು ಒಂಬತ್ತನ್ನು ತಪ್ಪಿಸುತ್ತಾರೆ. ನಾಲ್ಕಕ್ಕಿರುವ ‘ಶಿ’ ಸಾವಿನ ಪದವೂ ಹೌದು, ಒಂಬತ್ತಕ್ಕಿರುವ ‘ಕು’ ಸಂಕಟದ ಪದವೂ ಹೌದು. ಶಿಂಟೊ ವಿಧಿಯಾದರೆ ಲಕೋಟೆಯ ಮೇಲೆ ಪವಿತ್ರ ಮರದ ಟೊಂಗೆಯ ಹೆಸರು, ಕ್ರೈಸ್ತರಾದರೆ ‘ಹೂವಿನ ಹಣ’ ಎಂಬ ಬರಹ.

ಯಾರು ಎಷ್ಟು ಕೊಟ್ಟರೆಂಬುದು ‘ಕೋಡೆನ್‌ಚೋ’ ಎಂಬ ಪುಸ್ತಕಕ್ಕೆ ಏರುತ್ತದೆ. ನಮ್ಮ ಮದುವೆ ಮನೆಯ ಮುಯ್ಯಿ ಪುಸ್ತಕ ಬಲ್ಲವರಿಗೆ ಇದು ಹೊಸದಲ್ಲ. ನಾಳೆ ಅವರ ಮನೆಯಲ್ಲಿ ಸಾವಾದಾಗ ಅಷ್ಟನ್ನೇ ಒಯ್ಯಲು ಆ ಲೆಕ್ಕ ಬೇಕು. ಇಂಥ ಹಳೆಯ ಪುಸ್ತಕಗಳಿಂದಲೇ ಇತಿಹಾಸಕಾರರು ಹಳ್ಳಿಗಳ ನಂಟು, ಆಹಾರ, ಅಂತಸ್ತುಗಳನ್ನು ಓದುತ್ತಾರೆ. ಸಾಮಾನ್ಯವಾಗಿ ನಲವತ್ತೊಂಬತ್ತನೆಯ ದಿನದ ವಿಧಿ ಮುಗಿದ ಮೇಲೆ, ಬಂದದ್ದರ ಸುಮಾರು ಅರ್ಧ ಬೆಲೆಯ ವಸ್ತುವನ್ನು ಮನೆಯವರು ಮರಳಿ ಕಳಿಸುತ್ತಾರೆ. ಚಹಾ ಎಲೆ, ಒಣಗಿಸಿದ ಕಡಲ ಪಾಚಿ, ಸಕ್ಕರೆಯಂಥ ಬಳಸಿ ಮುಗಿಯುವ ಪದಾರ್ಥವೇ ಆಗಬೇಕು. ದುಃಖದ ಗುರುತು ಯಾರ ಮನೆಯಲ್ಲೂ ಉಳಿಯಬಾರದಲ್ಲ.

ಹೊರೆಯಾದಾಗ

ನೆರವಿಗೆಂದು ಹುಟ್ಟಿದ ರೂಢಿ ಕೊಡುವವರಿಗೂ ಮರಳಿ ಕಳಿಸುವವರಿಗೂ ಹೊರೆಯಾದದ್ದುಂಟು. ಯುದ್ಧಾನಂತರದ ಬಡತನದಲ್ಲಿ ‘ಹೊಸ ಬದುಕಿನ ಚಳವಳಿ’ ಮದುವೆ, ಸಾವುಗಳ ದುಂದಿಗೆ ಕಡಿವಾಣ ಹಾಕಲು ಹೊರಟಿತು. 1955ರಲ್ಲಿ ಅದಕ್ಕಾಗಿ ರಾಷ್ಟ್ರಮಟ್ಟದ ಸಂಘವೇ ರೂಪುಗೊಂಡಿತು. ಅದರ ನೆನಪು ಗುನ್ಮಾ ಪ್ರಾಂತದಲ್ಲಿ ಇನ್ನೂ ಇದೆ. ಅಲ್ಲಿನ ಶವಸಂಸ್ಕಾರದಲ್ಲಿ ‘ಹೊಸ ಬದುಕು’ ಎಂಬ ಪ್ರತ್ಯೇಕ ಮೇಜು ಕಾಣುತ್ತದೆ. ಅಲ್ಲಿ 1,000 ಯೆನ್‌ನಂಥ ಸಣ್ಣ ಮೊತ್ತ ಕೊಟ್ಟು, ಮರುಕಾಣಿಕೆ ಬೇಡವೆಂದು ಹೇಳಿ ಬರಬಹುದು.

ಕಾನೂನೂ ಈ ಲಕೋಟೆಯ ಮೇಲೆ ಕಣ್ಣಿಟ್ಟಿದೆ. ರಾಜಕಾರಣಿ ತನ್ನ ಕ್ಷೇತ್ರದ ಮತದಾರರಿಗೆ ಕೋಡೆನ್ ಕೊಡಬೇಕಾದರೆ ತಾನೇ ಹೋಗಿ ತಲೆಬಾಗಬೇಕು. ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ವಾಣಿಜ್ಯ ಸಚಿವ ಇಸ್ಶು ಸುಗವಾರ ಅವರ ಪರವಾಗಿ ಕಾರ್ಯದರ್ಶಿ 20,000 ಯೆನ್ ಕೋಡೆನ್ ಕೊಟ್ಟರೆಂದು ವರದಿಯಾಯಿತು. ಸಚಿವರು ರಾಜೀನಾಮೆ ಕೊಟ್ಟರು. ತಾನು ಹೋಗದೆ ಕಳಿಸಿದ ಹಣ ಬರಿಯ ಹಣ ಎಂಬ ತಿಳಿವಳಿಕೆ ಆ ಕಾನೂನಿನಲ್ಲಿದೆ.

ಕಬ್ಬಿನ ತೋಟಗಳಲ್ಲಿ ದುಡಿಯಲು ಹವಾಯಿಗೆ ಹೋದ ಜಪಾನಿ ವಲಸಿಗರು ಕೋಡೆನ್ನನ್ನು ಜೊತೆಗೆ ಒಯ್ದರು. ನೆಂಟರಿಲ್ಲದ ನಾಡಿನಲ್ಲಿ ಜೊತೆಗಾರರೇ ಹೆಗಲಾದರು. ಅವರ ಮೊಮ್ಮಕ್ಕಳ ಕಾಲದಲ್ಲೂ ಅಲ್ಲಿ ಆ ರೂಢಿ ಬದುಕಿದೆ. ಇತ್ತ ಜಪಾನಿನಲ್ಲಿ ಮನೆಯವರಷ್ಟೇ ಸೇರುವ ಪುಟ್ಟ ಶವಸಂಸ್ಕಾರಗಳು ಹೆಚ್ಚುತ್ತಿವೆ. ‘ಕೋಡೆನ್ ಸ್ವೀಕರಿಸುವುದಿಲ್ಲ’ ಎಂದು ಮೊದಲೇ ತಿಳಿಸುವ ಕುಟುಂಬಗಳೂ ಹೆಚ್ಚಿವೆ. ಹಾಗೆ ತಿಳಿಸಿದ ಮೇಲೆ ಒತ್ತಾಯ ಮಾಡದಿರುವುದೇ ಈಗಿನ ಮರ್ಯಾದೆ.

ಸಾವಿನ ಮನೆಗೆ ಏನು ಒಯ್ಯಬೇಕು ಎಂಬ ಪ್ರಶ್ನೆಗೆ ಈ ಕಥೆಯಲ್ಲಿ ಉತ್ತರವಿದೆ. ಧೂಪವಾಗಲಿ, ಅಕ್ಕಿಯಾಗಲಿ, ನೋಟಾಗಲಿ, ಆ ಹೊತ್ತಿಗೆ ಆ ಮನೆಗೆ ಯಾವುದು ಭಾರವಾಗಿದೆಯೋ ಅದನ್ನು ಇಳಿಸುವಂಥದ್ದನ್ನು ಒಯ್ಯಬೇಕು. ಹೆಗಲು ಕೊಡುವುದೆಂದರೆ ನಮ್ಮ ಮಾತಿನಲ್ಲೂ ಹೆಣ ಹೊರುವುದು ಮಾತ್ರವಲ್ಲ. ಮುಂದಿನ ಸಲ ಅಂಥ ಮನೆಗೆ ಹೊರಡುವಾಗ ಅವರಿಗೆ ಏನು ಬೇಕಾಗಿದೆಯೆಂದು ಒಮ್ಮೆ ಕೇಳಿ, ಅದನ್ನೇ ಒಯ್ಯಿರಿ.